ಯಾಶಾಹಿಮೆ ನೋಡಿದವರು ಹೇಳಿ: ಇನುಯಾಶಾ, ಕಾಗೋಮೆಯನ್ನು ಹೀಗೆ ಮೂಲೆಗೆ ತಳ್ಳಿದ್ದು ಸರಿಯಾ?

ಶರಾವತಿ_ಹಿನ್ನೀರು

ನನ್ನ ಚಿಕ್ಕಮ್ಮನ ಮಗಳು ಈಗಷ್ಟೇ ಇನುಯಾಶಾ ಅನ್ನುವ ಜಪಾನಿ ಆನಿಮೆ (ಕಾರ್ಟೂನ್ ಸರಣಿ) ಮುಗಿಸಿದ್ದಾಳೆ. ಈಗಿನ ಟೋಕಿಯೋದ ಕಾಗೋಮೆ ಒಂದು ಬಾವಿಯ ಮೂಲಕ ಹಳೆಯ ಜಪಾನಿಗೆ ಹೋಗಿ, ಅರ್ಧ ಪಿಶಾಚಿ ಇನುಯಾಶಾ ಜೊತೆ ಸೇರುವ ಕಥೆ ಅದು. ಮೊದಲ 167 ಎಪಿಸೋಡ್, ಆಮೇಲೆ ಅದರ ಕೊನೆಯ ಭಾಗ ಫೈನಲ್ ಆ್ಯಕ್ಟ್‌ನ 26, ಒಂದೂ ಬಿಟ್ಟಿಲ್ಲ. "ಅಕ್ಕಾ, ಮುಂದೆ ಯಾಶಾಹಿಮೆ ನೋಡಲಾ?" ಅಂತ ಅದರ ಮುಂದುವರಿದ ಕಥೆಯ ಬಗ್ಗೆ ಕೇಳುತ್ತಿದ್ದಾಳೆ. ಏನು ಹೇಳಲಿ? ಇಲ್ಲಿ ನೋಡಿದವರು ಬಹಳ ಜನ ಇದ್ದೀರಿ, ಅದಕ್ಕೇ ಈ ಚರ್ಚೆ. ಮುಂದೆ ಕಥೆಯ ಗುಟ್ಟೆಲ್ಲ ಬಿಚ್ಚಿ ಬರೆಯುತ್ತೇನೆ. ನೋಡದವರು ಇಲ್ಲೇ ನಿಲ್ಲಿಸಿ.

2020ರ ಅಕ್ಟೋಬರ್‌ನಲ್ಲಿ ಇದು ಶುರುವಾದಾಗ ನಾನು ಕುಣಿದಾಡಿದ್ದೆ. ಮೂವರು ಹುಡುಗಿಯರು. ತೋವಾ, ಸೆತ್ಸುನಾ ಅಂತ ಇನುಯಾಶಾನ ಅಣ್ಣ ಸೆಶ್ಶೋಮಾರುವಿನ ಅವಳಿ ಮಕ್ಕಳು. ಇನುಯಾಶಾ ಮತ್ತು ಕಾಗೋಮೆಯ ಮಗಳು ಮೊರೋಹಾ. ಕೇಳಿದರೇ ಆಸೆ ಹುಟ್ಟುತ್ತದೆ ಅಲ್ವಾ? ಆದರೆ ನೋಡುತ್ತಾ ಹೋದ ಹಾಗೆ ನಮ್ಮ ಹಳೆಯ ಗುಂಪು ಒಬ್ಬೊಬ್ಬರಾಗಿ ಕಾಣೆಯಾದರು. ಇನುಯಾಶಾ, ಕಾಗೋಮೆ ಇಬ್ಬರನ್ನೂ ಕಪ್ಪು ಮುತ್ತಿನೊಳಗೆ ಹಾಕಿ ಮುಚ್ಚಿಬಿಟ್ಟರು. ಸೆಶ್ಶೋಮಾರು ಕಾಪಾಡಿದ ಹುಡುಗಿ ರಿನ್ ಮರದೊಳಗೆ ನಿದ್ದೆ. ಇನುಯಾಶಾನ ಜೊತೆಗಾರರಲ್ಲಿ ಮಿರೋಕು ಬೆಟ್ಟದಲ್ಲಿ ತಪಸ್ಸು. ಅವನ ಹೆಂಡತಿ ಸಾಂಗೋಗೆ ಮಾತೇ ಇಲ್ಲ. ಶಿಪ್ಪೋ ಹೆಸರಿಗಷ್ಟೇ. ಸೆಶ್ಶೋಮಾರು ಬರುತ್ತಾನೆ, ಗಾಳಿಯಲ್ಲಿ ನಿಲ್ಲುತ್ತಾನೆ, ಏನೂ ಹೇಳದೆ ಹೋಗುತ್ತಾನೆ.

ಎರಡು ಭಾಗ ಸೇರಿ 48 ಎಪಿಸೋಡ್. ಅಷ್ಟರಲ್ಲಿ ಅಪ್ಪ ಅಮ್ಮಂದಿರಿಗೆ ಜಾಗ ಇರಲಿಲ್ಲವೇ? ಹೊಸ ಹುಡುಗಿಯರ ಮೇಲೆ ನನಗೆ ಸಿಟ್ಟಿಲ್ಲ. ಹಳಬರನ್ನು ನಡೆಸಿಕೊಂಡ ರೀತಿಗೆ ಸಿಟ್ಟು. ನೀವೇನಂತೀರಿ?

ಬಾವಿಯ_ಆಚೆ

ನೋಡುವುದು ಬೇಡ ಅಂತ ಹೇಳಿ. ಫೈನಲ್ ಆ್ಯಕ್ಟ್‌ನ ಕೊನೆಯೇ ಕೊನೆ. ಮೂರು ವರ್ಷ ಆದ ಮೇಲೆ ಕಾಗೋಮೆ ಬಾವಿ ದಾಟಿ ವಾಪಸ್ ಬರುತ್ತಾಳಲ್ಲ, ಅದಕ್ಕಿಂತ ಒಳ್ಳೆಯ ಮುಗಿತಾಯ ಎಲ್ಲಿ ಸಿಗುತ್ತದೆ?

ಹುಬ್ಳಿ_ಮೊರೋಹಾ

ಬೇಡವೇ ಬೇಡ ಅನ್ನಬೇಡಿ ಪ್ಲೀಸ್. ಮೊರೋಹಾಗಾಗಿ ಆದರೂ ನೋಡಲಿ. ಅಪ್ಪನ ಹುಂಬತನ, ಅಮ್ಮನ ಬಿಲ್ಲು, ಎರಡೂ ಅವಳಲ್ಲಿವೆ. ತುಟಿಗೆ ಕೆಂಪು ಹಚ್ಚಿಕೊಂಡು ಬೆನಿಯಾಶಾ ಅನ್ನುವ ಉಗ್ರರೂಪ ತಾಳುವ ದೃಶ್ಯಕ್ಕೆ ಈಗಲೂ ಮೈ ಜುಂ ಅನ್ನುತ್ತದೆ. ಅಝುಸಾ ತಾಡೋಕೋರೋ ಕೊಟ್ಟ ದನಿಯೂ ಅವಳಿಗೆ ಹೇಳಿ ಮಾಡಿಸಿದ್ದು.

ಬಾವಿಯ_ಆಚೆ

ಮೊರೋಹಾ ಚೆನ್ನಾಗಿದ್ದಾಳೆ, ಒಪ್ಪಿದೆ. ಆದರೆ ಮೂವರಲ್ಲಿ ಕಥೆ ಕಡಿಮೆ ಸಿಕ್ಕಿದ್ದು ಯಾರಿಗೆ? ಅವಳಿಗೇ. ಹೆಸರಲ್ಲಿ ಮೂವರು ರಾಜಕುಮಾರಿಯರು, ನಡೆಯುವುದೆಲ್ಲ ಅವಳಿ ಮಕ್ಕಳ ಸುತ್ತ. ಮೊರೋಹಾ ಸಾಲ ತೀರಿಸಲು ಪಿಶಾಚಿ ಬೇಟೆ ಆಡಿಕೊಂಡು, ನಗಿಸಿಕೊಂಡು ಇರಬೇಕು.

ತಾಳೆಗರಿ

ಒಂದು ವಿಷಯ ಇಲ್ಲಿ ಹೇಳಲೇಬೇಕು. ಮೊದಲ ಎಪಿಸೋಡ್ ಎಲ್ಲರಿಗೂ ಯಾಕೆ ಅಷ್ಟು ಇಷ್ಟವಾಯಿತು ಗೊತ್ತಾ? ಅದರ ಹೆಚ್ಚಿನ ಭಾಗ ಇನುಯಾಶಾ ಸೃಷ್ಟಿಸಿದ ರೂಮಿಕೋ ತಾಕಾಹಾಶಿ ಅವರೇ ಬರೆದ ಕಥೆ. ಇನುಯಾಶಾ ಮಂಗಾ, ಅಂದರೆ ಕಾಮಿಕ್ಸ್, 1996ರಲ್ಲಿ ಶುರುವಾಗಿ 2008ರಲ್ಲಿ ಮುಗಿಯಿತು, 56 ಸಂಪುಟ. ಆಮೇಲೆ 2013ರಲ್ಲಿ ಅವರು ಒಂದು ವಿಶೇಷ ಅಧ್ಯಾಯ ಬರೆದರು. 2011ರ ಭೂಕಂಪದ ಸಂತ್ರಸ್ತರ ನೆರವಿಗೆ ಹಲವು ಮಂಗಾ ಕಲಾವಿದರು ಸೇರಿ ಮಾಡಿದ ಯೋಜನೆ ಅದು. ಬೇರಿನ ತಲೆಯ ಪಿಶಾಚಿ ಬರುವುದು ಆ ಅಧ್ಯಾಯದಲ್ಲೇ. ಮದುವೆಯಾದ ಇನುಯಾಶಾ ಮತ್ತು ಕಾಗೋಮೆ ಹೇಗಿರುತ್ತಾರೆ, ಮಿರೋಕುವಿನ ಮನೆ ಮಕ್ಕಳಿಂದ ಹೇಗೆ ತುಂಬಿದೆ, ಎಲ್ಲ ಅದರಲ್ಲಿದೆ.

ಅಂದರೆ ಹಳೆಯ ಗುಂಪು ಒಟ್ಟಿಗೆ ನಿಂತು ಮಾತಾಡಿ, ಜಗಳವಾಡಿ, ಯುದ್ಧ ಮಾಡುವುದನ್ನು ಮೊದಲ ವಾರ ತೋರಿಸಿದರು. ಎರಡನೇ ವಾರದಿಂದ ಅವರೆಲ್ಲ ಮಾಯ. ಇನ್ನಷ್ಟು ಸಿಗುತ್ತದೆ ಅಂತ ಕೂತವರಿಗೆ ಸಹಜವಾಗಿ ಬೇಸರ ಆಗುತ್ತದೆ.

ನೆರಳುಬೆಳಕು

ತಾಕಾಹಾಶಿ ಬರೆಯಲಿಲ್ಲ, ಅದಕ್ಕೇ ಕೆಟ್ಟಿತು. ಯಾರೋ ಹೊಸಬರ ಕೈಗೆ ಕೊಟ್ಟರೆ ಹೀಗೇ.

ತಾಳೆಗರಿ

ಹೊಸಬರು ಅನ್ನುವುದು ಸರಿಯಲ್ಲ. ಯಾಶಾಹಿಮೆಯ ಕಥೆ ಹೆಣೆದವರು ಕಾತ್ಸುಯುಕಿ ಸುಮಿಸಾವಾ. ಫೈನಲ್ ಆ್ಯಕ್ಟ್ ಹೆಣೆದವರೂ ಅವರೇ. ಸ್ಟುಡಿಯೋ ಅದೇ ಸನ್‌ರೈಸ್. ಸಂಗೀತ ಅದೇ ಕಾವೋರು ವಾದಾ. ಇನುಯಾಶಾಗೆ ಕಪ್ಪೇ ಯಾಮಾಗುಚಿ, ಕಾಗೋಮೆಗೆ ಸತ್ಸುಕಿ ಯುಕಿನೋ, ಸೆಶ್ಶೋಮಾರುಗೆ ಕೆನ್ ನಾರಿತಾ, ಎಲ್ಲ ಅದೇ ದನಿಗಳು. ತಾಕಾಹಾಶಿ ಮುಖ್ಯ ಪಾತ್ರಗಳ ರೂಪ ಬರೆದುಕೊಟ್ಟರು. ಅವರು ಆಗ ವಾರಪತ್ರಿಕೆಯಲ್ಲಿ 'ಮಾವೋ' ಬರೆಯುತ್ತಿದ್ದರು. ಹಳೆಯ ತಂಡವೇ ಇದ್ದೂ ಹೀಗಾಯಿತು. ಅದೇ ನನಗೆ ಜಾಸ್ತಿ ನೋವು.

ನೆರಳುಬೆಳಕು

ಫೈನಲ್ ಆ್ಯಕ್ಟ್‌ನಲ್ಲೂ 20 ಸಂಪುಟ ದಾಟುವಷ್ಟು ಕಥೆಯನ್ನು 26 ಎಪಿಸೋಡಿಗೆ ತುರುಕಿದ್ದರು. ಆದರೂ ಚೆನ್ನಾಗಿತ್ತು, ಯಾಕೆಂದರೆ ಕೈಯಲ್ಲಿ ಮಂಗಾ ಇತ್ತು. ಇಲ್ಲಿ ಮಂಗಾ ಇರಲಿಲ್ಲ. ಅದೇ ವ್ಯತ್ಯಾಸ.

ಜೋಳದರೊಟ್ಟಿ_88

ನನಗೆ ಒಂದು ಅರ್ಥ ಆಗುವುದಿಲ್ಲ. ಸೀಕ್ವೆಲ್ ಅಂದ ಮೇಲೆ ಹೊಸಬರ ಕಥೆ ತಾನೇ? ಹಳಬರು ಮುಂದೆ ನಿಂತರೆ ಮಕ್ಕಳು ಯಾವಾಗ ಬೆಳೆಯಬೇಕು? ಇನುಯಾಶಾ ಪಕ್ಕದಲ್ಲೇ ಇದ್ದರೆ ಯಾವ ಪಿಶಾಚಿ ಬಂದರೂ ಅವನೇ ತನ್ನ ತೆಸ್ಸೈಗಾ ಕತ್ತಿ ಬೀಸಿ ಮುಗಿಸುತ್ತಾನೆ. ಅವನನ್ನು ದೂರ ಇಡಲೇಬೇಕಿತ್ತು. ನಾನು ಎರಡೂ ಭಾಗ ಖುಷಿಯಿಂದ ನೋಡಿದ್ದೇನೆ. ನೀವೆಲ್ಲ ಹಳೆಯ ನೆನಪು ಹಿಡಿದುಕೊಂಡು ಕೂತಿದ್ದೀರಿ.

ಶರಾವತಿ_ಹಿನ್ನೀರು

ದೂರ ಇಡಲಿ, ನಾನು ಬೇಡ ಅನ್ನುವುದಿಲ್ಲ. ಆದರೆ ದೂರ ಇದ್ದವರ ಬಗ್ಗೆ ಮಕ್ಕಳಿಗೆ ಚಿಂತೆ ಬೇಡವೇ? ಮೊರೋಹಾ ಅಪ್ಪ ಅಮ್ಮನನ್ನು ನೋಡದೆ ಬೆಳೆದ ಹುಡುಗಿ. ಕೋಗಾನ ತೋಳಗಳ ಗುಂಪಿನಲ್ಲಿ ಇದ್ದಳು. ಆಮೇಲೆ ಯಾವಾರಾಗಿ ಅನ್ನುವವಳ ಕೈಗೆ ಬಿದ್ದಳು. 14 ವರ್ಷದ ಹುಡುಗಿ "ನನ್ನ ಅಮ್ಮ ಎಲ್ಲಿ?" ಅಂತ ಗಟ್ಟಿಯಾಗಿ ಕೇಳುವುದನ್ನು ನೋಡಲು ನಾನು ಮೊದಲ ಭಾಗ ಪೂರ್ತಿ ಕಾದೆ.

ಗಂಡಮ್_ಗಿರಿ

ಜೋಳದರೊಟ್ಟಿ ಅವರ ಮಾತಿನಲ್ಲಿ ಅರ್ಧ ನಿಜ ಇದೆ. ಹಳಬರನ್ನು ಪಕ್ಕಕ್ಕೆ ಸರಿಸಿದ ಮಾತ್ರಕ್ಕೆ ಸೀಕ್ವೆಲ್ ಕೆಡುವುದಿಲ್ಲ. 1985ರ ಝೀಟಾ ಗಂಡಮ್ ನೋಡಿ. ಮೊದಲ ಗಂಡಮ್‌ನ ಹೀರೋ ಅಮುರೋ ಅದರಲ್ಲಿ ಎಷ್ಟೋ ಎಪಿಸೋಡ್ ಬರುವುದೇ ಇಲ್ಲ. ಕಥೆ ಕಮೀಲ್ ಅನ್ನುವ ಹೊಸ ಹುಡುಗನದು. ಆದರೆ ಅಮುರೋ ಯಾಕಿಲ್ಲ ಅನ್ನುವುದಕ್ಕೆ ಉತ್ತರ ಇದೆ. ಯುದ್ಧ ಗೆದ್ದುಕೊಟ್ಟವನನ್ನು ಸರ್ಕಾರ ನಂಬುವುದಿಲ್ಲ. ದೊಡ್ಡ ಬಂಗಲೆ ಕೊಟ್ಟು ಗೃಹಬಂಧನದಲ್ಲಿ ಇಟ್ಟಿದೆ. ಅವನಿಗೂ ಮತ್ತೆ ಅಂತರಿಕ್ಷಕ್ಕೆ ಹೋಗಲು ಭಯ. ಅವನು ಇಲ್ಲದಿರುವುದೇ ಅವನ ಕಥೆ. ಮೊದಲ ಸರಣಿಯ ಶತ್ರು ಚಾರ್ ಕೂಡ ಕ್ವಾಟ್ರೋ ಅಂತ ಹೆಸರು ಬದಲಿಸಿಕೊಂಡು, ತಾನು ಯಾರು ಅಂತ ಹೇಳಿಕೊಳ್ಳಲು ಹಿಂಜರಿಯುತ್ತಾ ಬದುಕುತ್ತಾನೆ. ಹಳಬರು ಹಿಂದೆ ಸರಿದಿದ್ದಾರೆ, ಆದರೆ ಅವರಿಗೆ ಏನಾಯಿತು ಅನ್ನುವುದು ನಮಗೆ ಕಾಣುತ್ತದೆ.

ಕಪ್ಪು ಮುತ್ತಿನೊಳಗೆ ಕೂತ ಇನುಯಾಶಾಗೆ ಒಳಗೆ ಏನಾಯಿತು? ಹೆಂಡತಿ ಜೊತೆ ಅಷ್ಟು ವರ್ಷ, ಹೊರಗೆ ಮಗಳು. ಆ ಸಂಕಟವನ್ನು ಒಂದು ಎಪಿಸೋಡ್ ಪೂರ್ತಿ ತೋರಿಸಿದ್ದರೆ ಸಾಕಿತ್ತು, ನಾನು ಇಡೀ ಸರಣಿಯನ್ನು ಕ್ಷಮಿಸುತ್ತಿದ್ದೆ.

ಜೋಳದರೊಟ್ಟಿ_88

ಝೀಟಾ ನೋಡಿಲ್ಲ. ಆದರೆ ಈ ಮಾತು ನ್ಯಾಯವಾಗಿದೆ.

ಪಡುಗಾಳಿ

ನಾನು ಕರಾವಳಿಯವನು, ಯಕ್ಷಗಾನ ನೋಡಿ ಬೆಳೆದವನು. ಬಭ್ರುವಾಹನ ಕಾಳಗ ಪ್ರಸಂಗ ಗೊತ್ತಲ್ಲ? ಮಗ ಯಾರು ಅಂತ ಅರ್ಜುನನಿಗೆ ಗೊತ್ತಾದರೂ ಹೀಯಾಳಿಸುತ್ತಾನೆ. ಮಗ ತಿರುಗಿ ನಿಲ್ಲುತ್ತಾನೆ. ಬಾಣ ಬಿಡುವ ಮೊದಲು ಅಪ್ಪ ಮಗನ ಮಾತಿನ ಯುದ್ಧವೇ ಎಷ್ಟು ಹೊತ್ತು ನಡೆಯುತ್ತದೆ! ಜನ ರಾತ್ರಿ ನಿದ್ದೆ ಕೆಟ್ಟು ಕೂರುವುದು ಆ ಮಾತಿಗೆ. ಪ್ರಸಂಗ ಮಗನದೇ, ಆದರೆ ಅಪ್ಪ ರಂಗದ ಮೇಲೆ ಇರಲೇಬೇಕು.

ಯಾಶಾಹಿಮೆಯಲ್ಲಿ ಹೆಣ್ಣುಮಕ್ಕಳು ಸೆಶ್ಶೋಮಾರು ಎದುರು ಕತ್ತಿ ಹಿಡಿದು ನಿಲ್ಲುತ್ತಾರೆ. ಹುಟ್ಟಿದ ಕೂಡಲೇ ತಮ್ಮನ್ನು ಕಾಡಿನಲ್ಲಿ ಬಿಟ್ಟ ಅಪ್ಪ ಅವನು. ಆ ಕ್ಷಣದಲ್ಲಿ ಎಷ್ಟು ಮಾತು ಬರಬೇಕಿತ್ತು! ತೋವಾ ಕೇಳಬೇಕಿತ್ತು, ಸೆತ್ಸುನಾ ಬೈಯಬೇಕಿತ್ತು, ಅವನು ಒಂದಾದರೂ ಉತ್ತರ ಕೊಡಬೇಕಿತ್ತು. ಏನೂ ಇಲ್ಲ. ಅವನ ಮೌನವನ್ನೇ ಗಾಂಭೀರ್ಯ ಅಂದುಕೊಂಡುಬಿಟ್ಟಿದ್ದಾರೆ.

ಹುಬ್ಳಿ_ಮೊರೋಹಾ

ಪಡುಗಾಳಿ ಅಣ್ಣ, ನೂರಕ್ಕೆ ನೂರು ನಿಜ!! ಹಳೆಯ ಸರಣಿಯಲ್ಲಿ ಸೆಶ್ಶೋಮಾರು ಮಾತು ಕಡಿಮೆ ಆಡಿದರೂ ಏನು ಯೋಚಿಸುತ್ತಿದ್ದಾನೆ ಅಂತ ತಿಳಿಯುತ್ತಿತ್ತು. ರಿನ್ ಪಾತಾಳದಲ್ಲಿ ಸತ್ತಾಗ ಸತ್ತವರನ್ನು ಎಬ್ಬಿಸುವ ತನ್ನ ಕತ್ತಿ ತೆನ್ಸೈಗಾ ಕೈಬಿಟ್ಟು ಅವಳನ್ನು ಹಿಡಿದುಕೊಂಡನಲ್ಲ. ಒಂದೇ ದೃಶ್ಯದಲ್ಲಿ ಅವನು ಪೂರ್ತಿ ಬದಲಾದ.

ಮುಂಗಾರು_ಮಯೂರಿ

ರಿನ್ ವಿಷಯ ಬಂತು, ಹೇಳಿಬಿಡುತ್ತೇನೆ. ನನಗೆ ಸರಣಿ ಕೈತಪ್ಪಿದ್ದು 15ನೇ ಎಪಿಸೋಡಿನಲ್ಲಿ. 2021ರ ಜನವರಿ. ಅವಳಿ ಮಕ್ಕಳ ಅಮ್ಮ ರಿನ್ ಅಂತ ಅಲ್ಲಿ ಹೇಳುತ್ತಾರೆ. ಅವಳನ್ನು ನಾವು ಪುಟ್ಟ ಹುಡುಗಿಯಾಗಿ ನೋಡಿದ್ದೇವೆ. ಸೆಶ್ಶೋಮಾರು ಅವಳಿಗೆ ಜೀವ ಕೊಟ್ಟವನು, ಕಾಪಾಡಿದವನು. ಅವನು ಅವಳನ್ನು ಕಾಯೆದೆ ಅಜ್ಜಿಯ ಹತ್ತಿರ ಬಿಟ್ಟದ್ದು ಯಾಕೆ? ಮನುಷ್ಯರ ಜೊತೆ ಬದುಕಲು ಕಲಿಯಲಿ, ದೊಡ್ಡವಳಾದ ಮೇಲೆ ದಾರಿಯನ್ನು ತಾನೇ ಆರಿಸಿಕೊಳ್ಳಲಿ ಅಂತ.

ಆ ಆಯ್ಕೆಯನ್ನು ತೋರಿಸಲೇ ಇಲ್ಲ. ಅವಳು ದೊಡ್ಡವಳಾದದ್ದು, ಯೋಚಿಸಿದ್ದು, ಬೇಕು ಅಥವಾ ಬೇಡ ಅಂದದ್ದು, ಒಂದೂ ಇಲ್ಲ. ನೇರವಾಗಿ ತಾಯಿ, ಆಮೇಲೆ ನೇರವಾಗಿ ಮರದೊಳಗೆ ಶಾಪಗ್ರಸ್ತ ನಿದ್ದೆ. ಆ ಸಂಬಂಧವೇ ಹಲವರಿಗೆ ಸರಿ ಬರಲಿಲ್ಲ, ನನಗೂ ಬರಲಿಲ್ಲ. ಸರಿ ಅನ್ನಿಸಿದವರಿಗೂ ಅವಳ ಮನಸ್ಸು ನೋಡಲು ಸಿಗಲಿಲ್ಲ. ಎರಡೂ ಕಡೆಯವರಿಗೆ ಅನ್ಯಾಯ.

ಬಾವಿಯ_ಆಚೆ

ಇದೇ. ಇದರ ಬಗ್ಗೆ ಜಗಳ ಮಾಡಿ ನಾನು ಒಂದು ಗುಂಪನ್ನೇ ಬಿಟ್ಟಿದ್ದೇನೆ.

ನೆರಳುಬೆಳಕು

ಅವರು ಆಗಿನ ಕಾಲದ ಜಪಾನ್ ತೋರಿಸುತ್ತಿದ್ದಾರೆ, ಯುದ್ಧಗಳ ಸೆಂಗೋಕು ಕಾಲ. ಈಗಿನ ಕಣ್ಣಿನಿಂದ ಅಳೆಯಬಾರದು.

ಮುಂಗಾರು_ಮಯೂರಿ

ಕಥೆ ನಡೆಯುವುದು ಸೆಂಗೋಕು ಕಾಲದಲ್ಲಿ. ಬರೆದದ್ದು 2020ರಲ್ಲಿ, ಶನಿವಾರ ಸಂಜೆ ಐದೂವರೆಗೆ ಮನೆಮಂದಿ ಕೂತು ನೋಡಲು. ಅಳೆಯುವ ಹಕ್ಕು ನಮಗಿದೆ. ಪಾತ್ರಕ್ಕೆ ಬಾಯಿ ಕೊಡಿ ಅನ್ನುವುದು ಯಾವ ಕಾಲಕ್ಕೂ ಸಲ್ಲುವ ಮಾತು.

ಕುರಾಮಾ_ಭಕ್ತ

ನಿಮಗೆ ಬರೀ 48. ನಾವು ನರುಟೊ ಸರಣಿಯ ಮುಂದಿನ ಕಥೆ ಬೊರುಟೊ 293 ಎಪಿಸೋಡ್ ನೋಡಿದವರು. 2017ರಿಂದ 2023ರವರೆಗೆ. ಟೆನ್‌ಟೆನ್ ಎಲ್ಲಿ? ರಾಕ್ ಲೀ ಎಲ್ಲಿ? ನರುಟೊನೊಳಗಿದ್ದ ನರಿ ಕುರಾಮಾ ಸತ್ತದ್ದನ್ನು ನೋಡಿ ನಾನು ಅತ್ತಿದ್ದೇನೆ.

ಗಂಡಮ್_ಗಿರಿ

ಬೊರುಟೊ ಇದಕ್ಕಿಂತ ಎಷ್ಟೋ ಮೇಲು. ನರುಟೊ ಊರಿನ ಮುಖ್ಯಸ್ಥ, ಅಂದರೆ ಹೊಕಾಗೆ ಆಗಿದ್ದಾನೆ, ಮನೆಗೆ ಬರಲು ಪುರುಸೊತ್ತಿಲ್ಲ, ಮಗನಿಗೆ ಅದೇ ಸಿಟ್ಟು. ಅಪ್ಪ ಮಗನ ನಡುವೆ ಏನೋ ನಡೆಯುತ್ತಿದೆ. ಅಪ್ಪ ಇಲ್ಲದ ಬಾಲ್ಯ ಕಳೆದವನೇ ಮಗನಿಗೆ ಸಮಯ ಕೊಡಲಾರದೆ ಒದ್ದಾಡುತ್ತಾನೆ. ಅದು ಹಳೆಯ ಕಥೆಯಿಂದಲೇ ಹುಟ್ಟಿದ ಹೊಸ ಕಥೆ.

ಕುರಾಮಾ_ಭಕ್ತ

ಶುರುವಿನಲ್ಲಿ ಹಾಗಿತ್ತು. ಆಮೇಲೆ ಹೊಸ ಶತ್ರು ಎಷ್ಟು ಬಲಶಾಲಿ ಅಂತ ತೋರಿಸಬೇಕಾದಾಗಲೆಲ್ಲ ನರುಟೊನನ್ನೂ ಸಾಸುಕೆಯನ್ನೂ ಹೊಡೆಸಿದರು. ಅದೂ ಮೂಲೆಗೆ ತಳ್ಳಿದ ಹಾಗೇ ಅಲ್ವಾ?

ಎಂಟನೇ_ಹುಡುಗಿ

ಡಿಜಿಮಾನ್ ಟ್ರೈ ನೋಡಿದವರು ಯಾರೂ ಇಲ್ಲವೇ? 2015ರಿಂದ 2018ರವರೆಗೆ ಬಂದ ಆರು ಚಿತ್ರಗಳು. ಹಿಂದಿನ ಡಿಜಿಮಾನ್ 02 ಸರಣಿಯ ನಾಲ್ವರು ಮಕ್ಕಳು ಮೊದಲ ದೃಶ್ಯದಲ್ಲೇ ಸೋತು ಬೀಳುತ್ತಾರೆ. ಆಮೇಲೆ ಅವರ ಗೆಳೆಯರೇ ಅವರು ಎಲ್ಲಿದ್ದಾರೆ ಅಂತ ಸರಿಯಾಗಿ ವಿಚಾರಿಸುವುದಿಲ್ಲ. ನಾನು 02 ನೋಡಿ ಬೆಳೆದವಳು. ಎದೆ ಒಡೆದ ಹಾಗಾಯಿತು. 2023ರಲ್ಲಿ ಅವರದೇ ಒಂದು ಚಿತ್ರ ಬಂದ ಮೇಲೆ ಸ್ವಲ್ಪ ಸಮಾಧಾನ.

ನೆರಳುಬೆಳಕು

ಸೈಕೋ ಪಾಸ್ 3 ಸೇರಿಸಿ. ಮೊದಲ ಭಾಗದ ನಾಯಕಿ ಅಕಾನೆ ಬಂಧನದಲ್ಲಿದ್ದಾಳೆ. ಯಾಕೆ ಅಂತ ತಿಳಿಯಲು 2019ರಿಂದ 2023ರ ಚಿತ್ರದವರೆಗೆ ಕಾಯಬೇಕಾಯಿತು.

ಕನ್ನಡದಲ್ಲೇ_ಬರಲಿ

ಇದೆಲ್ಲ ನಮ್ಮ ಭಾಷೆಯಲ್ಲಿ ಬಂದರೆ ನಮ್ಮ ಮನೆಯ ಮಕ್ಕಳೂ ನೋಡುತ್ತಿದ್ದರು. 2025ರಲ್ಲಿ ಡೀಮನ್ ಸ್ಲೇಯರ್ ಚಿತ್ರ ನಮ್ಮ ಥಿಯೇಟರ್‌ಗಳಿಗೆ ಹಿಂದಿ, ತಮಿಳು, ತೆಲುಗಿನಲ್ಲಿ ಬಂತು. ಕನ್ನಡ ಇರಲಿಲ್ಲ. ಬೆಂಗಳೂರಿನಲ್ಲಿ ಅಷ್ಟು ಜನ ನೋಡುತ್ತಾರೆ, ಯಾಕೆ ಕೇಳುವುದಿಲ್ಲ?

ಹುಬ್ಳಿ_ಮೊರೋಹಾ

ಕೇಳಬೇಕು. ನನ್ನ ತಮ್ಮನಿಗೆ ನಾನೇ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ತೋರಿಸುತ್ತೇನೆ. ಮೊರೋಹಾ ನಮ್ಮ ಹುಬ್ಬಳ್ಳಿ ಮಾತಿನಲ್ಲಿ ಎಷ್ಟು ಚೆಂದ ಬೈಯುತ್ತಾಳೆ ಗೊತ್ತಾ!

ಪಡುಗಾಳಿ

ಡಬ್ಬಿಂಗ್‌ಗೆ ಬೇರೆ ಚರ್ಚೆ ಶುರು ಮಾಡೋಣ, ನಾನೂ ಬರುತ್ತೇನೆ. ಇಲ್ಲಿ ಯಾಶಾಹಿಮೆ ಮುಗಿಸೋಣ.

ತಾಳೆಗರಿ

ಸರಿ, ನಾನು ಇಷ್ಟು ಹೊತ್ತು ಯೋಚಿಸಿದ್ದು ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ನನ್ನ ಪ್ರಕಾರ ತಪ್ಪು ನಡೆದದ್ದು ಗುಟ್ಟು ಕಾಯಲು ಹೋಗಿ. ಅವಳಿ ಮಕ್ಕಳ ಅಮ್ಮ ಯಾರು? ಇನುಯಾಶಾ, ಕಾಗೋಮೆ ಎಲ್ಲಿ? ಸೆಶ್ಶೋಮಾರು ಯಾರ ಪಕ್ಷ? ಈ ಮೂರನ್ನೂ ಅರ್ಧ ಸರಣಿಯವರೆಗೆ ಮುಚ್ಚಿಡಬೇಕು ಅಂತ ತೀರ್ಮಾನಿಸಿದರು. ನೋಡುಗರಿಗೆ ಉತ್ತರ ಗೊತ್ತಾಗಬಾರದು ಅಂದರೆ ಪಾತ್ರಗಳು ಪ್ರಶ್ನೆಯನ್ನೇ ಕೇಳಬಾರದು. ಅದಕ್ಕೇ ಎಲ್ಲರೂ ವಿಚಿತ್ರವಾಗಿ ನಡೆದುಕೊಳ್ಳುತ್ತಾರೆ.

ಎರಡನೇ ಎಪಿಸೋಡ್ ನೆನಪಿಸಿಕೊಳ್ಳಿ. ಮೊರೋಹಾ ಈಗಿನ ಟೋಕಿಯೋಗೆ, ಹಿಗುರಾಶಿ ಮನೆಗೇ ಬರುತ್ತಾಳೆ. ಕಾಗೋಮೆಯ ಅಮ್ಮ ಅಲ್ಲಿದ್ದಾರೆ, ತಮ್ಮ ಸೋಟಾ ಇದ್ದಾನೆ. ಮಗಳು ಬಾವಿ ದಾಟಿ ಹೋದ ಮೇಲೆ ಅವರಿಗೆ ಒಂದು ಸುದ್ದಿಯೂ ಇಲ್ಲ. ಈಗ ಮೊಮ್ಮಗಳು ಅಂಗಳದಲ್ಲಿ ನಿಂತಿದ್ದಾಳೆ. ಯಾವ ಮನೆಯಲ್ಲಾದರೂ ಮೊದಲು ಕೇಳುವುದೇನು? "ನಮ್ಮ ಮಗಳು ಹೇಗಿದ್ದಾಳಮ್ಮ?" ಆ ಮಾತಿಗೆ ಒಂದು ಇಡೀ ಎಪಿಸೋಡ್ ಕೊಟ್ಟಿದ್ದರೂ ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಆದರೆ ಅದನ್ನು ವಿವರವಾಗಿ ಕೇಳಿದರೆ ಮೊರೋಹಾ "ನನಗೇ ಗೊತ್ತಿಲ್ಲ" ಅನ್ನಬೇಕು. ಆಗ ಎಲ್ಲರೂ ಹುಡುಕಲು ಹೊರಡಬೇಕು. ಕಥೆ ಬೇರೆ ದಾರಿ ಹಿಡಿಯುತ್ತದೆ. ಅದಕ್ಕೇ ಆ ದೃಶ್ಯವನ್ನು ಬೇಗ ದಾಟಿಬಿಟ್ಟರು.

ಮಿರೋಕು, ಸಾಂಗೋ ವಿಷಯವೂ ಅಷ್ಟೇ. ಜೀವದ ಗೆಳೆಯರು ಕಾಣೆಯಾಗಿದ್ದಾರೆ. ಅವರ ಮಗಳು ಸಾಲದಲ್ಲಿ ಒಬ್ಬಳೇ ಅಲೆಯುತ್ತಿದ್ದಾಳೆ. ಹಳೆಯ ಸರಣಿಯ ಖಳ ನಾರಾಕು ವಿರುದ್ಧ ಒಟ್ಟಿಗೆ ಹೋರಾಡಿದ ಆ ಸಾಂಗೋ ಸುಮ್ನೆ ಮನೆಯಲ್ಲಿ ಇರುತ್ತಾಳೆಯೇ? ತನ್ನ ಆಯುಧ ಹಿರಾಯಿಕೋತ್ಸು ಹೊತ್ತು ಮೊದಲ ದಿನವೇ ಹೊರಡುತ್ತಿದ್ದಳು. ಅವಳನ್ನು ಹೊರಡಿಸಿದರೆ ಗುಟ್ಟು ಒಡೆಯುತ್ತದೆ. ಹಾಗಾಗಿ ಅವಳ ಸ್ವಭಾವವನ್ನೇ ಬದಲಿಸಿದರು.

ಹಳಬರು ಕಡಿಮೆ ಬಂದದ್ದನ್ನು ನಾನು ಸಹಿಸುತ್ತೇನೆ. ಬಂದಾಗಲೂ ಅವರು ಅವರಾಗಿರಲಿಲ್ಲ, ಅದನ್ನು ಸಹಿಸಲು ಆಗುವುದಿಲ್ಲ.

ಶರಾವತಿ_ಹಿನ್ನೀರು

ತಾಳೆಗರಿ, ನನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿದಿರಿ. ಹಿಗುರಾಶಿ ಅಮ್ಮನ ವಿಷಯ ಓದಿ ಗಂಟಲು ಕಟ್ಟಿತು. ಆ ತಾಯಿ ಹಳೆಯ ಸರಣಿಯಲ್ಲಿ ಮಗಳನ್ನು ಬಾವಿಗೆ ಕಳಿಸುವಾಗ ಒಂದು ಸಲವೂ ತಡೆಯಲಿಲ್ಲ.

ಜೋಳದರೊಟ್ಟಿ_88

ನಾನು ಇನ್ನೂ ಸರಣಿಯ ಪರ. ಎರಡನೇ ಭಾಗದಲ್ಲಿ ನಿರ್ದೇಶಕರು ಬದಲಾದರು. ತೆರುವೋ ಸಾತೋ ಜಾಗಕ್ಕೆ ಮಾಸಾಕಾಝು ಹಿಶಿದಾ ಬಂದರು. ಮೊದಲ ಭಾಗದ ವಾರಕ್ಕೊಂದು ಪಿಶಾಚಿ, ಏಳು ಕಾಮನಬಿಲ್ಲು ಮುತ್ತುಗಳ ಹುಡುಕಾಟ, ಅದೆಲ್ಲ ಎಳೆದ ಹಾಗಿತ್ತು, ನಿಜ. ಎರಡನೆಯದರಲ್ಲಿ ಬಿಗಿ ಇದೆ. ಕಿರಿನ್‌ಮಾರು ಸುಮ್ಮನೆ ಕೆಟ್ಟವನಾಗಿ ಉಳಿಯುವುದಿಲ್ಲ, ಅವನಿಗೂ ಮಗಳನ್ನು ಕಳೆದುಕೊಂಡ ದುಃಖ ಇದೆ. ರಿಕು ಯಾರು ಅನ್ನುವುದೂ ಚೆನ್ನಾಗಿ ಬಿಚ್ಚಿಕೊಳ್ಳುತ್ತದೆ. ಮೊದಲ ಭಾಗ ನೋಡಿ ಬಿಟ್ಟವರು ಇದನ್ನು ನೋಡದೆ ತೀರ್ಪು ಕೊಡಬೇಡಿ.

ಬಾವಿಯ_ಆಚೆ

24 ಎಪಿಸೋಡ್ ಸಹಿಸಿಕೊಂಡರೆ ಮುಂದೆ ಚೆನ್ನಾಗಿದೆ ಅಂತ ಹೇಳಿ ಯಾರನ್ನು ಕೂರಿಸುತ್ತೀರಿ? ಮೊದಲ ಭಾಗದ ಕೊನೆಗೆ ಸೆತ್ಸುನಾಳನ್ನು ಸಾಯಿಸಿ ನಿಲ್ಲಿಸಿದರು. ಎರಡನೇ ಭಾಗ ಶುರುವಾದ ಸ್ವಲ್ಪದರಲ್ಲೇ ಎಬ್ಬಿಸಿದರಂತೆ. ನನ್ನ ಕಣ್ಣೀರಿಗೆ ಬೆಲೆ ಇಲ್ಲವೇ?

ಜೋಳದರೊಟ್ಟಿ_88

ತೆನ್ಸೈಗಾ ಇರುವ ಕಥೆಯಲ್ಲಿ ಸತ್ತವರು ಏಳುವುದು ಹೊಸತಲ್ಲ ಗುರು. ರಿನ್ ಕಥೆ ಶುರುವಾದದ್ದೇ ಹಾಗೆ.

ಮುಂಗಾರು_ಮಯೂರಿ

ಇದೇ ಕಥೆ ಮಂಗಾ ರೂಪದಲ್ಲೂ ಇದೆ, ಓದಿದ್ದೀರಾ? 2021ರಲ್ಲಿ ಶುರುವಾಯಿತು, ತಕಾಶಿ ಶೀನಾ ಅವರದು. ಆನಿಮೆಯನ್ನು ಹಾಗೇ ನಕಲು ಮಾಡಿಲ್ಲ. ಅದೇ ಪಾತ್ರಗಳನ್ನು ಇಟ್ಟುಕೊಂಡು ಘಟನೆಗಳನ್ನು ಬೇರೆ ರೀತಿ ಜೋಡಿಸಿದ್ದಾರೆ. ನನಗೆ ಅದರಲ್ಲಿ ಹಳಬರು ಹಳಬರಾಗೇ ಕಂಡರು. ತಂಗಿಗೆ ಓದುವ ಅಭ್ಯಾಸ ಇದ್ದರೆ ಮೊದಲು ಅದನ್ನು ಕೊಡಿ.

ಶರಾವತಿ_ಹಿನ್ನೀರು

ಅವಳು ಓದುತ್ತಾಳೆ. ಹಾಗಿದ್ದರೆ ಹೀಗೆ ಮಾಡಲಾ? ಆನಿಮೆಯ ಮೊದಲ ಎಪಿಸೋಡ್ ನೋಡು, ಅದು ತಾಕಾಹಾಶಿ ಕಥೆ. ಅಲ್ಲಿಗೆ ನಿಲ್ಲಿಸಿ ಶೀನಾ ಅವರ ಮಂಗಾ ಹಿಡಿ ಅಂತ ಹೇಳುತ್ತೇನೆ.

ಹುಬ್ಳಿ_ಮೊರೋಹಾ

ಒಂದಕ್ಕೇ ನಿಲ್ಲಿಸಬೇಡಿ ಅಕ್ಕ, ಕೈ ಮುಗಿಯುತ್ತೇನೆ. ಎರಡನೇ ಭಾಗದಲ್ಲಿ ಮೊರೋಹಾ ಅಪ್ಪ ಅಮ್ಮನ ಎದುರು ಬಂದು ನಿಲ್ಲುವುದನ್ನು ಅವಳು ನೋಡಲೇಬೇಕು. ಅಷ್ಟು ದಿನ ಬಾಯಿ ಜೋರು ಮಾಡಿಕೊಂಡು ಓಡಾಡಿದವಳು ಅಲ್ಲಿ ಮಗುವಾಗುತ್ತಾಳೆ. ತಡವಾಯಿತು, ಕಡಿಮೆ ಕೊಟ್ಟರು, ಎಲ್ಲ ಒಪ್ಪುತ್ತೇನೆ. ಆದರೂ 193 ಎಪಿಸೋಡ್ ಇನುಯಾಶಾ ಜೊತೆ ನಡೆದವಳಿಗೆ ಅವನು ಮಗಳನ್ನು ನೋಡುವ ಕ್ಷಣ ತಪ್ಪಬಾರದು. ನಡುವಿನ ಪಿಶಾಚಿ ಎಪಿಸೋಡ್‌ಗಳನ್ನು ಬೇಕಾದರೆ ಬಿಡಿಸಿ. ಯಾವುದು ಬಿಡಬಹುದು ಅಂತ ನಾನೇ ಬರೆದು ಕೊಡುತ್ತೇನೆ.

ಬಾವಿಯ_ಆಚೆ

ಬರೆದು ಹಾಕಿ. ನಾನು ಮೊದಲ ಭಾಗಕ್ಕೇ ಬಿಟ್ಟವನು, ಆ ದೃಶ್ಯ ಇನ್ನೂ ನೋಡಿಲ್ಲ.

ಹುಬ್ಳಿ_ಮೊರೋಹಾ

ಎರಡನೇ ಭಾಗ ನೋಡದೇ ಇಷ್ಟು ಜಗಳ ಮಾಡಿದಿರಾ ಅಣ್ಣ! ಇರಿ, ಇವತ್ತು ರಾತ್ರಿಯೇ ಪಟ್ಟಿ ಹಾಕುತ್ತೇನೆ. 15ನೆಯದು ಮಾತ್ರ ಯಾರೂ ಬಿಡಬೇಡಿ, ಎಲ್ಲದರ ಕಾರಣ ಅದರಲ್ಲೇ ಇದೆ.